ಗೂಳಿಯಿಲ್ಲದ ಗೂಳಿಕಾಳಗ

ಝಾನ್ ಲಾರೆಂಟ್ ತೆಗೆದ ಸ್ಪೇನಿನ ಮಟಡೋರ್‌ಗಳ, ಅಂದ್ರೆ ಗೂಳಿ ಜೊತೆ ಕಾದಾಡೋರ, ಹಳೇ ಫೋಟೋಗಳನ್ನು ನೋಡ್ತಾ ಕೂತಿದ್ದೆ. 1850ರ ದಶಕದಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಟುಡಿಯೋ ತೆರೆದ ಫ್ರೆಂಚ್ ಆಸಾಮಿ. ಕಸೂತಿಯ ಜಾಕೆಟ್, ರೇಷ್ಮೆ ಕಾಲುಚೀಲ, ಎಲ್ಲರೂ ಮದುಮಗನ ಗತ್ತಿನಲ್ಲಿ ನಿಂತಿದ್ದಾರೆ. ಗೂಳಿ ಮಾತ್ರ ಇಲ್ಲ! ಇರೋದಾದ್ರೂ ಹೇಗೆ? ಆಗಿನ ಕ್ಯಾಮೆರಾದ ಗಾಜಿನ ಪ್ಲೇಟಿನ ಮುಂದೆ ಕೆಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಿತ್ತು. ನುಗ್ಗೋ ಗೂಳಿ ಬರೀ ಮಸುಕು. ಹಾಗಾಗಿ ಅಂಗೈಯಗಲದ ಕಾರ್ಡುಗಳಲ್ಲಿ ಊರೂರಿನ ಆಲ್ಬಮ್ ಸೇರಿದ್ದು ಆ ಠೀವಿ, ಆ ವೇಷ ಅಷ್ಟೇ. ಗೂಳಿಯ ಕೊಂಬಿಗೆ ಹೊಟ್ಟೆ ಬಗೆಸಿಕೊಂಡು ಸಾಯುತ್ತಿದ್ದ, ಪಿಕಡೋರ್‌ಗಳ (ಕುದುರೆ ಮೇಲಿಂದ ಗೂಳಿಗೆ ಈಟಿ ಚುಚ್ಚೋರ) ಕುದುರೆಗಳು ಸ್ಟುಡಿಯೋಗೆ ಬರಲೇ ಇಲ್ಲ. (ಅವುಗಳಿಗೆ ಮೈಕವಚ ಕಡ್ಡಾಯವಾಗಿದ್ದು 1928ರಲ್ಲಿ!) ಈ ಕಾರ್ಡುಗಳನ್ನು ನೋಡಿ ಸ್ಪೇನ್ ಅಂದ್ರೆ ಬರೀ ಕೆಚ್ಚು, ಪ್ರೇಮ ಅಂತ ಕನಸು ಕಂಡವರನ್ನು ಬೈಯೋಕೂ ಮನಸ್ಸಾಗಲ್ಲ. ಫೋಟೋಗಳು ಅಷ್ಟು ಚೆನ್ನಾಗಿವೆ.