ಸೊಳ್ಳೆಗೆ ನೀಲಗಿರಿ ಎಣ್ಣೆ: ಬಾಟಲಿ ಕೊಳ್ಳುವ ಮುನ್ನ

ಬಾಲಿಗೋ ಬ್ಯಾಂಕಾಕಿಗೋ ಶ್ರೀಲಂಕಾಕ್ಕೋ ಹೊರಡುವ ಮುನ್ನ ಗ್ರಂಥಿಗೆ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ನೀಲಗಿರಿ ಎಣ್ಣೆ ಕೊಂಡು, ಸೊಳ್ಳೆಗೆ ಇಷ್ಟು ಸಾಕು ಅಂದುಕೊಳ್ಳುವವರು ನಮ್ಮ ಬೆಂಗಳೂರಿನಲ್ಲಿ ತುಂಬ ಜನ. ನೆಗಡಿಯಾದಾಗ ಹಬೆ ತೆಗೆದುಕೊಳ್ಳಲು ಅದು ಒಳ್ಳೆಯದೇ. ಡೆಂಗಿ ಇರುವ ಊರಿನಲ್ಲಿ ಮಾತ್ರ ಅದನ್ನು ನಂಬಿ ಓಡಾಡಬೇಡಿ.

ಆ ಬಾಟಲಿಯಲ್ಲಿರುವುದು ಸಾಮಾನ್ಯ ನೀಲಗಿರಿಯ ತೈಲ, ಅದರ ಮುಖ್ಯ ಅಂಶ ಸಿನಿಯೋಲ್. ಸೊಳ್ಳೆ ತಡೆಯುವುದರಲ್ಲಿ ಪರೀಕ್ಷೆಗೆ ನಿಂತಿರುವುದು ನಿಂಬೆ ವಾಸನೆಯ ಬೇರೊಂದು ನೀಲಗಿರಿಯಿಂದ, ಅಂದರೆ ಸಿಟ್ರಿಯೋಡೋರಾದಿಂದ, ತಯಾರಾಗುವ ಪಿಎಂಡಿ (PMD) ಎಂಬ ರಾಸಾಯನಿಕ. ಸಿಟ್ರಿಯೋಡೋರಾ ಎಲೆಯ ಎಣ್ಣೆಯಲ್ಲಿ ಸಿಟ್ರೊನೆಲ್ಲಾಲ್ ಎಂಬ ಸುವಾಸನೆಯ ಅಂಶ ಹೇರಳವಾಗಿರುತ್ತದೆ. ಆಮ್ಲ ಬೆರೆಸಿ ಸಂಸ್ಕರಿಸಿದಾಗ ಅದೇ ಪಿಎಂಡಿ ಆಗುತ್ತದೆ. ಸಿಟ್ರೊನೆಲ್ಲಾಲ್ ಬೇಗ ಹಾರಿಹೋಗುತ್ತದೆ, ಪಿಎಂಡಿ ನಿಧಾನವಾಗಿ ಆವಿಯಾಗುವುದರಿಂದ ಚರ್ಮದ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಸಂಸ್ಕರಿಸದ ಸಿಟ್ರಿಯೋಡೋರಾ ಎಣ್ಣೆ ಕೊಂಡರೂ ಪ್ರಯೋಜನ ಕಡಿಮೆ. ಲೇಬಲ್ ಮೇಲಿನ ಎಲೆಯ ಚಿತ್ರ ಬಿಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಪಿಎಂಡಿ ಎಂದು ಹೆಸರು ಹಾಕಿ, ಪಕ್ಕದಲ್ಲಿ ಶೇಕಡಾ ಪ್ರಮಾಣ ಕೊಟ್ಟಿರಬೇಕು. ಸಂಸ್ಕರಿಸಿದ ಎಣ್ಣೆ ಶೇ. 30ರಷ್ಟಿದ್ದರೆ 4ರಿಂದ 6 ಗಂಟೆ ಕಾಪಾಡುತ್ತದೆ. ಬೆವರು ಸುರಿಯುವ ಊರಿನಲ್ಲಿ 3 ಗಂಟೆಗೇ ಮತ್ತೆ ಹಚ್ಚುವುದು ಕ್ಷೇಮ. 3 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಬೇಡ, ಅವರಿಗೆ ತುಂಬುತೋಳಿನ ಬಟ್ಟೆ, ಸೊಳ್ಳೆ ಪರದೆ. ಕರ್ಪೂರ ಕರಗಿಸಿದ ಎಣ್ಣೆಯನ್ನು ಎಳೆಮಕ್ಕಳಿಗೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ, ದಯವಿಟ್ಟು ಬಿಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಪಿಎಂಡಿ ಸಿಗಲಿಲ್ಲ, ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವವರಿಗೆ ಸಿಟ್ರೊನೆಲ್ಲಾ ಎಣ್ಣೆ ಇದೆ, ಇದು ನಿಂಬೆಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆದದ್ದು. ಆದರೆ ಅದರ ಆಯಸ್ಸು ಒಂದು ಗಂಟೆ, ಹೆಚ್ಚೆಂದರೆ ಎರಡು. ಇದನ್ನು ಒಪ್ಪಿಕೊಂಡರೆ ಮಾತ್ರ ಮಾಡಿ. ಕೊಳ್ಳುವಾಗ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ, ಬಜ್ಜಿ ಕಟ್ಟಿದ ಕಾಗದದಂತೆ ಜಿಡ್ಡಿನ ಉಂಗುರ ಉಳಿದಿದ್ದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿದೆ. 50 ಮಿಲಿ ಮಿಶ್ರಣಕ್ಕೆ 2.5 ಮಿಲಿ ಸಿಟ್ರೊನೆಲ್ಲಾ, ಉಳಿದದ್ದು ಎಳ್ಳೆಣ್ಣೆ. ಅಳತೆಗೆ ಸೂಜಿ ಇಲ್ಲದ ಸಿರಿಂಜ್ ಬಳಸಿ, ಹನಿ ಎಣಿಸಿದರೆ ಬಾಟಲಿಯ ಬಾಯಿಗೆ ತಕ್ಕಂತೆ ಲೆಕ್ಕ ತಪ್ಪುತ್ತದೆ. ಕೊಬ್ಬರಿ ಎಣ್ಣೆ ಯಾಕೆ ಬೇಡ ಅಂದರೆ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಹೋಟೆಲಿನ ಎಸಿ ರೂಮಿನಲ್ಲಿ ಬೆಳಗ್ಗೆ ಎದ್ದಾಗ ಬಾಟಲಿಯಲ್ಲಿ ಮೇಣದಂತೆ ಕೂತಿರುತ್ತದೆ.

ನೀರಿನಲ್ಲಿ ಬೆರೆಸಿ ಸ್ಪ್ರೇ ಮಾಡುವುದು ಇನ್ನೊಂದು ದೊಡ್ಡ ತಪ್ಪು. ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇ ಕೊಳವೆ ತಳದಿಂದ ಎಳೆಯುತ್ತದೆ. ಮೊದಮೊದಲು ಬರೀ ನೀರು ಬರುತ್ತದೆ, ಕೊನೆಯಲ್ಲಿ ಅಪ್ಪಟ ಎಣ್ಣೆ ಬಂದು ಚರ್ಮ ಉರಿಯುತ್ತದೆ. ನಿಂಬೆಹಣ್ಣು ಲವಂಗದ ಟಿಪ್ಪು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ, ಲವಂಗದ ಎಣ್ಣೆ ಸ್ವಲ್ಪ ಹೆಚ್ಚಾದರೂ ಗುಳ್ಳೆ ಏಳುತ್ತದೆ. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದಿಷ್ಟು ಹಚ್ಚಿ 24 ಗಂಟೆ ಕಾಯಿರಿ. ಈ ಕೆಲಸ ಪ್ರಯಾಣಕ್ಕೆ ವಾರ ಮುಂಚೆಯೇ ಆಗಲಿ.

ಸೊಳ್ಳೆಯ ಮಣಿಕಟ್ಟು ಪಟ್ಟಿ, ಬಟ್ಟೆಗೆ ಅಂಟಿಸುವ ಸ್ಟಿಕ್ಕರ್, ಇವುಗಳಿಗೆ ದುಡ್ಡು ಸುರಿಯಬೇಡಿ. ಮಣಿಕಟ್ಟಿನ ವಾಸನೆ ಪಾದದವರೆಗೆ ತಲುಪುವುದಿಲ್ಲ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಡುಕುವುದು ಪಾದ, ಹರಡು, ಮೀನಖಂಡವನ್ನೇ. ಅದು ಕಚ್ಚುವುದು ಹಗಲಿನಲ್ಲಿ, ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮತ್ತು ಮುಳುಗುವ ಮುನ್ನ ಅದರ ಕಾಟ ಜಾಸ್ತಿ. ಹಾಗಾಗಿ ಬೆಳಗ್ಗೆ ತಿಂಡಿಗೆ ಇಳಿಯುವ ಮುಂಚೆಯೇ ಹಚ್ಚಿರಬೇಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯದ್ದು. ಚಪ್ಪಲಿ ಬಾರಿನ ಅಂಚು, ಕಿವಿಯ ಹಿಂಭಾಗ ಬಿಟ್ಟುಹೋಗುತ್ತವೆ, ಬೆರಳಷ್ಟು ಜಾಗ ಬಿಟ್ಟರೂ ಅಲ್ಲೇ ಕಚ್ಚುತ್ತದೆ. ಮುಖಕ್ಕೆ ನೇರ ಸಿಂಪಡಿಸದೆ ಅಂಗೈಗೆ ಹಾಕಿ ಸವರಿ. ಪಿಎಂಡಿ ಕಣ್ಣಿಗೆ ಬಿದ್ದರೆ ತುಂಬಾ ಉರಿ.

ಮಲೇರಿಯಾ ಇರುವ ಜಾಗಕ್ಕೆ ಹೊರಟಿದ್ದರೆ ಗಿಡಮೂಲಿಕೆಯೊಂದನ್ನೇ ನೆಚ್ಚಬೇಡಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ರಾತ್ರಿಯಿಡೀ ಕಚ್ಚುತ್ತದೆ, ನಿದ್ದೆಯಲ್ಲಿ ಎದ್ದು ಮತ್ತೆ ಮತ್ತೆ ಹಚ್ಚುವವರು ಯಾರು? ಔಷಧಿ ಅದ್ದಿದ ಪರದೆ ಬೇಕು, ಮಾತ್ರೆಯ ವಿಷಯ ಡಾಕ್ಟರನ್ನು ಮೊದಲೇ ಕೇಳಿ.

ಬಾಟಲಿ ಗಾಢ ಬಣ್ಣದ ಗಾಜಿನದ್ದಿರಲಿ, ತೆಳು ಪ್ಲಾಸ್ಟಿಕ್ಕನ್ನು ಈ ಎಣ್ಣೆಗಳು ಮೆತ್ತಗೆ ಮಾಡಿ ಸೋರುತ್ತವೆ. ಹೊರದೇಶದ ವಿಮಾನದಲ್ಲಿ ಕೈಚೀಲಕ್ಕೆ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ, ಅರ್ಧವೇ ತುಂಬಿದ್ದರೂ ಲೆಕ್ಕ ಬಾಟಲಿಯದ್ದೇ.