ಅತ್ತೆಗೆ ಸರಿಯಾಗಿ ಬರುವ ಬಿಸಿನೀರು

ಮಡಿಕೇರಿಯಲ್ಲಿ ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ ಮಳೆ ಹಿಡಿಯಿತು ಅಂದ್ರೆ ತಣ್ಣೀರು ಸ್ನಾನದ ಮಾತೇ ಇಲ್ಲ. ಸೋಲಾರ್ ಜೂನ್‌ನಲ್ಲೇ ಕೈ ಕೊಟ್ಟಿರುತ್ತದೆ. ಕರೆಂಟನ್ನು ನಂಬೋ ಹಾಗಿಲ್ಲ. ಹಂಡೆಗೆ ಉರಿ ಹಾಕೋಣ ಅಂದ್ರೆ ಒದ್ದೆ ಸೌದೆ ಬರೀ ಹೊಗೆ ಕೊಡುತ್ತದೆ. ಹಾಗಾಗಿ ನಮ್ಮ ಮನೆಗೆ ಗ್ಯಾಸ್ ಗೀಸರೇ ಗತಿ. ಕಳೆದ ಮಳೆಗಾಲದಲ್ಲಿ ಅದು ಆಟ ಆಡಿಸಲು ಶುರು ಮಾಡಿತು.

ಪೂರ್ತಿ ಕೆಟ್ಟಿದ್ದರೆ ಇಷ್ಟು ತಲೆನೋವಿರಲಿಲ್ಲ. ಬೆಳಿಗ್ಗೆ ಮೈಗೆಲ್ಲ ಸೋಪು ಹಚ್ಚಿಕೊಂಡಾಗ ಸದ್ದಿಲ್ಲದೆ ಆರುತ್ತಿತ್ತು. ಮಧ್ಯಾಹ್ನ ಮೆಕ್ಯಾನಿಕ್ ಬಂದರೆ ತಪ್ಪೇ ಮಾಡದ ಮಗುವಿನ ಹಾಗೆ ಉರಿಯುತ್ತಿತ್ತು. ಅವನು ಎರಡು ದಪ್ಪ ಬ್ಯಾಟರಿ ಬದಲಾಯಿಸಿದ. ಆಮೇಲೆ ಸೆನ್ಸರ್ ಅಂದ. ಕೊನೆಗೆ "ಹೊಸದೇ ತಗೊಳ್ಳಿ ಅಕ್ಕಾ" ಅಂದ.

ಸುಳಿವು ಕೊಟ್ಟದ್ದು ಅತ್ತೆ. "ನಂಗೆ ಸರಿಯಾಗೇ ಬರುತ್ತಲ್ಲ?" ಅಂದರು. ಅವರು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ ತುಂಬಿಸಿಕೊಳ್ಳುತ್ತಾರೆ. ನಾನು ಶವರ್ ಕೆಳಗೆ ನಿಂತು ಮಿಕ್ಸರ್‌ನಲ್ಲಿ ತಣ್ಣೀರು ಬೆರೆಸುತ್ತೇನೆ. ತಣ್ಣೀರು ಬೆರೆತಷ್ಟೂ ಗೀಸರ್ ಮೂಲಕ ಹರಿಯೋ ನೀರು ಕಡಿಮೆಯಾಗುತ್ತದೆ, ಅಲ್ವಾ?

ಈ ಗೀಸರ್‌ಗೆ ಹೊತ್ತಿಕೊಳ್ಳಲು ಹೇಳುವುದೇ ನೀರು. ಹರಿಯುವ ನೀರು ಒಳಗಿನ ಡಯಾಫ್ರಮ್ ಅನ್ನುವ ತೆಳು ರಬ್ಬರ್ ಹಾಳೆಯನ್ನು ತಳ್ಳಬೇಕು, ಆಗ ಸ್ವಿಚ್ ಒತ್ತಿ ಬ್ಯಾಟರಿಯಿಂದ ಕಿಡಿ ಹಾರುತ್ತದೆ, ಗ್ಯಾಸ್ ಬಿಡುತ್ತದೆ. ನೀರಿನ ತಳ್ಳು ಸಾಲದಿದ್ದರೆ ಗ್ಯಾಸ್ ಬಂದ್. ಟಕ್ ಟಕ್ ಸದ್ದು ಬಂದೂ ಹೊತ್ತದಿದ್ದರೆ ಮೊದಲು ಗ್ಯಾಸ್ ಕಡೆ ನೋಡಬೇಕು. ನಮ್ಮಲ್ಲಿ ಟಕ್ ಅನ್ನುವ ಸದ್ದೇ ಇರಲಿಲ್ಲ. ಬ್ಯಾಟರಿಯೂ ಹೊಸದು. ಉಳಿದದ್ದು ನೀರು.

ಲೀಟರ್ ಅಳತೆಯ ಜಗ್ ಹಿಡಿದು, ಮೊಬೈಲ್‌ನಲ್ಲಿ ಸಮಯ ನೋಡಿ ಅಳೆದೆ. ನಮ್ಮ ಗೀಸರ್‌ಗೆ ನಿಮಿಷಕ್ಕೆ 2.5 ಲೀಟರ್ ಆದರೂ ಬೇಕು. ಬರುತ್ತಿದ್ದದ್ದು 3ರ ಹತ್ತಿರ. ಅಡುಗೆಮನೆಯಲ್ಲಿ ಯಾರಾದರೂ ನಲ್ಲಿ ಬಿಟ್ಟರೆ 2ಕ್ಕಿಂತ ಕೆಳಗೆ. ಬೆಳಿಗ್ಗೆಯೇ ಯಾಕೆ ಆರುತ್ತಿತ್ತು ಅಂತ ಆಗ ಗೊತ್ತಾಯಿತು. ಆ ಹೊತ್ತಿಗೆ ಪಾತ್ರೆ ತೊಳೆಯುವುದು, ಕಾಫಿಗೆ ನೀರು ಹಿಡಿಯುವುದು ಎಲ್ಲ ಒಟ್ಟಿಗೆ. ಸಾಲದ್ದಕ್ಕೆ, ಚಳಿ ಅಂತ ಗೀಸರ್‌ನ ನೀರಿನ ನಾಬನ್ನು ಜಾಸ್ತಿ ಬಿಸಿಯ ಕಡೆ ತಿರುಗಿಸಿಟ್ಟಿದ್ದೆವು. ಜಾಸ್ತಿ ಬಿಸಿ ಅಂದ್ರೆ ಅದು ನೀರನ್ನೇ ಕಡಿಮೆ ಬಿಡುವುದು!

ಆದರೂ ಬೇಸಿಗೆಯಲ್ಲಿ ಹೀಗಿರಲಿಲ್ಲವಲ್ಲ? ಗ್ಯಾಸ್, ನೀರು ಎರಡನ್ನೂ ಬಂದ್ ಮಾಡಿ ನೀರು ಒಳಬರುವ ನಟ್ ಬಿಚ್ಚಿದೆ. ಒಳಗೆ ಬೆರಳಿನ ಉಗುರಿನಷ್ಟು ಜಾಲರಿ. ಅದರ ತುಂಬ ಕಂದು ಕೆಸರು, ನುಣ್ಣನೆ ಮರಳು. ಮಳೆಗೆ ಕಲಕಿದ ಬಾವಿ ನೀರು ಟ್ಯಾಂಕಿಗೆ ಏರಿ ಇಲ್ಲಿ ಬಂದು ಕೂತಿತ್ತು. ಹಳೇ ಟೂತ್ ಬ್ರಷ್‌ನಿಂದ ಉಜ್ಜಿ ಹಾಕಿದೆ. ನೀರು 4 ಲೀಟರ್ ದಾಟಿತು.

ಇಂಗ್ಲೆಂಡಿನಲ್ಲಿರುವ ತಂಗಿಗೆ ಹೇಳಿದರೆ ಅವಳದ್ದೂ ಅದೇ ಗೋಳು. ಅಲ್ಲಿ ಕಾಂಬಿ ಬಾಯ್ಲರ್, ಒಂದೇ ಪೆಟ್ಟಿಗೆ ರೇಡಿಯೇಟರನ್ನೂ ನಲ್ಲಿ ನೀರನ್ನೂ ಬಿಸಿ ಮಾಡುತ್ತದೆ. ರೇಡಿಯೇಟರ್ ಬಿಸಿ ಇದ್ದು ನಲ್ಲಿ ಮಾತ್ರ ತಣ್ಣಗಾದರೆ ಹರಿವಿನ ಸೆನ್ಸರ್, ಬಿಸಿಯನ್ನು ರೇಡಿಯೇಟರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ವಾಲ್ವ್, ಇಲ್ಲವೇ ನಲ್ಲಿ ನೀರಿಗೆ ಬಿಸಿ ದಾಟಿಸುವ, ಸುಣ್ಣ ಕಟ್ಟಿದ ಪ್ಲೇಟ್ ಮೇಲೆ ಅನುಮಾನವಂತೆ. ಆದರೆ ಅವಳು ನಟ್ ಬಿಚ್ಚುವ ಹಾಗಿಲ್ಲ. ಗ್ಯಾಸ್ ಕೆಲಸದವರ ಅಲ್ಲಿನ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್‌ನಲ್ಲಿ ನೋಂದಣಿ ಇರುವವರೇ ಬರಬೇಕು. ನಾನೂ ಗ್ಯಾಸ್ ಪೈಪಿನ ಕಡೆ ಕೈ ಹಾಕಲಿಲ್ಲ. ನಮ್ಮ ಗೀಸರ್ ಇರುವುದೂ ಬಚ್ಚಲಿನ ಹೊರಗೋಡೆಯಲ್ಲಿ. ಒಳಗಿಟ್ಟರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಬರದೆ ಜೀವ ತೆಗೆಯುತ್ತದೆ.

ಅಡುಗೆಮನೆಯ ನಲ್ಲಿಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಟ್ಯಾಂಕ್ ಗೀಸರ್‌ಗಿಂತ 2 ಮೀಟರ್ ಎತ್ತರದಲ್ಲಿದೆ, ಅಂದ್ರೆ ಸಿಗುವ ಒತ್ತಡ ಬರೀ 0.2 ಬಾರ್. ಸ್ಟ್ಯಾಂಡ್ ಎತ್ತರಿಸಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಮಳೆ ಬಿಡಲಿ ಅಂದಿದ್ದಾರೆ.