ಉದ್ಯಾನಕ್ಕೆ ಮೀಸಲಿಟ್ಟ ನಿವೇಶನ

14 ಜೂನ್ 2025, ಶನಿವಾರ
ಮೈಸೂರು

ಬಡಾವಣೆಯ ನಿವಾಸಿಗಳ ಸಭೆ ಸಂಜೆ ಎರಡು ಗಂಟೆ ಕಾಲ ನಡೆಯಿತು. ನಕ್ಷೆಯಲ್ಲಿ ‘ಉದ್ಯಾನ’ ಎಂದಿರುವ ನಿವೇಶನದಲ್ಲಿ ಈಗ ಇರುವುದು ಮನೆ ಒಡೆದ ಇಟ್ಟಿಗೆಚೂರು, ಆಳೆತ್ತರದ ಪಾರ್ಥೇನಿಯಂ, ಮಳೆನೀರು ತುಂಬಿದ ಹಳೆಯ ಟೈರುಗಳು. ನೀರಿನಲ್ಲಿ ಸೊಳ್ಳೆಮರಿಗಳು ಪುಟಿಯುವುದು ಬರಿಗಣ್ಣಿಗೇ ಕಾಣುತ್ತದೆ.

ಎದುರುಮನೆಯ ರಾಯರು, “ಅಲ್ಲಿ ಒಂದು ನರ್ಸಿಂಗ್ ಹೋಂ ಬಂದರೆ ಎಲ್ಲರಿಗೂ ಅನುಕೂಲವಲ್ಲವೇನಮ್ಮಾ?” ಎಂದರು. ಸದುದ್ದೇಶದ ಮಾತೇ. ಆದರೆ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಮೊಕದ್ದಮೆ ಹೂಡಿದರು. 1991ರಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಬಯಲು ಜಾಗವೂ ಜನರ ಆರೋಗ್ಯಕ್ಕೇ ಇರುವುದು, ಅದನ್ನು ಆಸ್ಪತ್ರೆಗೂ ಬಿಟ್ಟುಕೊಡಲಾಗದು. ರಾಯರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಜಾಗವನ್ನು ಉದ್ಯಾನಕ್ಕೇ ಉಳಿಸಿ ಎಂಬ ನಮ್ಮ ಅರ್ಜಿಗೆ ಸಹಿ ಹಾಕಿದರು.

ನಮ್ಮ ಊರಿಗೆ ಇದು ಹೊಸ ಪಾಠವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದು ಮೈಸೂರು ತತ್ತರಿಸಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸುವುದು, ರಸ್ತೆ ಅಗಲಿಸುವುದು, ಗಾಳಿಬೆಳಕಿನ ಹೊಸ ಬಡಾವಣೆ ಮಾಡುವುದು ಅಂದು ಔಷಧಿಯಷ್ಟೇ ಮುಖ್ಯವಾದ ಕೆಲಸವಾಗಿತ್ತು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇಂದಿಗೂ ಕಾಣುವ ಕನ್ಸರ್ವೆನ್ಸಿ ಓಣಿಗಳು, ಅಂದರೆ ಮಲ ಸಾಗಿಸಲು ಬಿಟ್ಟ ಹಿತ್ತಿಲ ಓಣಿಗಳು, ಶುಚಿತ್ವದ ಯೋಜನೆಯ ಗುರುತುಗಳು. ಆ ಓಣಿಗಳಲ್ಲಿ ಮಲ ಹೊರುವ ಕೆಲಸವನ್ನು ಯಾವ ಜಾತಿಗಳ ತಲೆಯ ಮೇಲೆ ಹೊರಿಸಿದರು ಎಂಬುದನ್ನೂ ಮರೆಯಬಾರದು. ಆರೋಗ್ಯ ಎಲ್ಲರಿಗೂ ಸಮನಾಗಿ ಸಿಗಲಿಲ್ಲ.

ಈಗಲೂ ಸಿಗುತ್ತಿಲ್ಲ. ಕುಕ್ಕರಹಳ್ಳಿ ಕೆರೆಯ ಸುತ್ತ ನೆರಳಿನಲ್ಲಿ ನಡೆಯುವವರು ಪುಣ್ಯವಂತರು. ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನವೂ ನಡೆಯಲೇಬೇಕೆಂದು ವೈದ್ಯರು ಹೇಳಿದ್ದಾರೆ. ಪಾದಚಾರಿ ಮಾರ್ಗವಿಲ್ಲದ ನಮ್ಮ ರಸ್ತೆಯಲ್ಲಿ ಟಿಪ್ಪರ್ ಬಂದಾಗಲೆಲ್ಲ ಅಮ್ಮ ಚರಂಡಿಯ ಚಪ್ಪಡಿ ಹತ್ತಿ ನಿಲ್ಲುತ್ತಾರೆ. ಆ ಚಪ್ಪಡಿಗಳಲ್ಲಿ ಒಂದು ಅಲುಗಾಡುತ್ತದೆ. ಮಾತ್ರೆ ಬರೆದುಕೊಟ್ಟ ವೈದ್ಯರು ಇದನ್ನು ಸರಿಪಡಿಸಲಾರರು. ಇದು ಬಡಾವಣೆಗೆ ಮಂಜೂರಾತಿ ಕೊಡುವವರ ಕೈಯಲ್ಲಿದೆ.

ಸೋಮವಾರ ಅರ್ಜಿ ಸಲ್ಲಿಸುತ್ತೇವೆ. ಕಸ ತೆಗೆಸಿ, ಬೇಲಿ ಹಾಕಿ, ‘ಉದ್ಯಾನಕ್ಕೆ ಮೀಸಲು’ ಎಂಬ ಫಲಕ ನೆಟ್ಟು, ಸುತ್ತಲೂ ನಡೆಯುವ ದಾರಿ ಮಾಡಿಕೊಡಿ ಎಂದಷ್ಟೇ ಕೇಳಿದ್ದೇವೆ. ಹುಲ್ಲುಹಾಸು, ಕಾರಂಜಿ ಆಮೇಲಾದರೂ ಆಗಲಿ. ಸಹಿ ಹಾಕದವರು ನಾಳೆ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಬಾಡಿಗೆಗೆ ಇರುವವರೂ ಬನ್ನಿ, ನಡೆಯುವ ಕಾಲು ನಿಮ್ಮವೂ ಹೌದು.